ಬಡ್ಡಿ ಎಷ್ಟು ಅಂತ ಕೇಳಿದ್ದೆ, ಅಷ್ಟೇ: ರಿಸರ್ವ್ ಬ್ಯಾಂಕಿಗೊಂದು ಬಹಿರಂಗ ಪತ್ರ

ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಅವರಿಗೆ,

ಮಾನ್ಯರೇ,

ನಮಸ್ಕಾರ. ಸಾಲ ಕೊಡಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ನಾನು ಸಾಲ ಕೇಳದೇ ಇದ್ದರೂ ಕೇಳಿದ್ದೇನೆ ಅಂತ ಐದು ಕಡೆಯವರು ಬರೆಸಿಟ್ಟಿದ್ದಾರಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ.

ಎರಡು ತಿಂಗಳ ಹಿಂದಿನ ಮಾತು. ಮನೆಯ ಮೇಲೆ ಒಂದು ಕೋಣೆ ಹಾಕಿಸೋಣ ಅಂತ ಮನೆಯಲ್ಲಿ ಮಾತಾಗಿತ್ತು. ಗೃಹ ಸಾಲ ಈಗಾಗಲೇ ಒಂದು ಬ್ಯಾಂಕಿನಲ್ಲಿ ನಡೆಯುತ್ತಿದೆ. ಅದರ ಮೇಲೆ ಟಾಪ್-ಅಪ್, ಅಂದರೆ ಇನ್ನಷ್ಟು ಸಾಲ, ತೆಗೆದುಕೊಳ್ಳುವುದಾ, ಬೇರೆ ಕಡೆ ಪರ್ಸನಲ್ ಲೋನ್ ಮಾಡುವುದಾ ಅಂತ ಯೋಚಿಸುತ್ತಿದ್ದೆ. ಲೆಕ್ಕಪತ್ರ ನೋಡಿಕೊಳ್ಳುವುದೇ ನನ್ನ ಕೆಲಸ. ನಾಲ್ಕು ಕಡೆ ವಿಚಾರಿಸದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಶನಿವಾರ ರಾತ್ರಿ ಫೋನ್ ಹಿಡಿದು ಕೂತೆ. ಒಂದು ಆ್ಯಪ್‌ನಲ್ಲಿ ‘ನಿಮ್ಮ ಬಡ್ಡಿ ದರ ನೋಡಿ, ಎರಡೇ ನಿಮಿಷ’ ಅಂತಿತ್ತು. ನೋಡೋಣ ಅಂತ ಒಳಗೆ ಹೋದೆ.

ಹೆಸರು, ಪ್ಯಾನ್, ಹುಟ್ಟಿದ ತಾರೀಖು, ತಿಂಗಳ ಸಂಬಳ. ನಾಲ್ಕೇ ಖಾನೆ. ಎಷ್ಟು ಸಾಲ ಬೇಕು ಅಂತ ಕೇಳಲೇ ಇಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಖಾನೆಗಳ ಕೆಳಗೆ ಒಂದು ಪುಟ್ಟ ಚೌಕ. ಅದರಲ್ಲಿ ನಾನು ಮುಟ್ಟುವ ಮೊದಲೇ ಟಿಕ್ ಬಿದ್ದಿತ್ತು. ಪಕ್ಕದಲ್ಲಿ ಬೂದು ಬಣ್ಣದ ಇಂಗ್ಲಿಷ್ ಅಕ್ಷರಗಳು, ಇರುವೆ ಸಾಲಿನ ಹಾಗೆ. ಆಮೇಲೆ ಒಂದು ಒಟಿಪಿ ಬಂತು. ‘ಯಾರಿಗೂ ಹೇಳಬೇಡಿ’ ಅಂತ ಆ ಮೆಸೇಜಿನಲ್ಲಿತ್ತು. ಆ ಒಟಿಪಿ ಯಾತಕ್ಕೆ ಅಂತ ಮಾತ್ರ ಇರಲಿಲ್ಲ. ನಂಬರ್ ಹಾಕಿದೆ. ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರಿದವು, ‘ಅಭಿನಂದನೆಗಳು!’ ಅಂತ ಬಂತು. ಬಡ್ಡಿ ಎಲ್ಲಿ ಅಂತ ಹುಡುಕಿದರೆ, ‘ಇಷ್ಟರಿಂದ ಶುರು’ ಅಂತ ಜಾಹೀರಾತಿನಲ್ಲಿದ್ದ ಅದೇ ಅಂಕಿ. ಅದನ್ನು ನೋಡೋಕೆ ನನ್ನ ಪ್ಯಾನ್ ಯಾಕೆ ಬೇಕಿತ್ತು ಅಂತ ಬೇಜಾರಾಗಿ ಆ್ಯಪ್ ತೆಗೆದುಹಾಕಿ ಮಲಗಿದೆ.

ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಕೂತಿದ್ದೆ. ಒಂದು ಎಸ್ಎಂಎಸ್ ಬಂತು. ನಿಮ್ಮ ಕ್ರೆಡಿಟ್ ವರದಿಯನ್ನು ಇಂಥ ಸಂಸ್ಥೆ ನೋಡಿದೆ, ಅಂತ. ಆ ಸಂಸ್ಥೆಯ ಹೆಸರನ್ನು ನಾನು ಹುಟ್ಟಿದಾಗಿಂದ ಕೇಳಿಲ್ಲ. ಮೋಸದ ಮೆಸೇಜ್ ಇರಬೇಕು ಅಂತ ಸುಮ್ಮನಾದೆ. ಸಂಜೆಯೊಳಗೆ ಇನ್ನೂ ನಾಲ್ಕು ಬಂದವು. ಐದೂ ಬೇರೆ ಬೇರೆ ಹೆಸರು. ಅಷ್ಟರಲ್ಲಿ ಫೋನ್ ಕಾಲ್‌ಗಳೂ ಶುರುವಾಗಿದ್ದವು. ಅದನ್ನು ಹೇಳುತ್ತಾ ಕೂರುವುದಿಲ್ಲ, ಎಲ್ಲರಿಗೂ ಗೊತ್ತಿರುವ ಕಥೆಯೇ.

ಇಲ್ಲಿ ನಿಮಗೊಂದು ಥ್ಯಾಂಕ್ಸ್ ಹೇಳಬೇಕು. ವರದಿಯನ್ನು ಯಾರಾದರೂ ತೆಗೆದು ನೋಡಿದರೆ ಗ್ರಾಹಕರಿಗೆ ಎಸ್ಎಂಎಸ್ ಅಥವಾ ಇಮೇಲ್ ಕಳಿಸಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ನೀವೇ ಕ್ರೆಡಿಟ್ ಬ್ಯೂರೋಗಳಿಗೆ (ನಮ್ಮ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ) ಹೇಳಿದ್ದು. ಆ ನಿಯಮ ಇಲ್ಲದಿದ್ದರೆ ಈ ವಿಷಯ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಮೆಸೇಜ್ ಬರುವುದು ನೋಡಿ ಆದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ನಿಮಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ. ಆದರೆ ಪತ್ರ ಬಹಿರಂಗವಾಗಿದೆಯಲ್ಲ, ಓದುವ ಉಳಿದವರಿಗಾಗಿ ಒಂದೆರಡು ಮಾತು. ನಾವು ಎಲ್ಲದಕ್ಕೂ ‘ಸಿಬಿಲ್’ ಅಂದುಬಿಡುತ್ತೇವೆ. ನಿಜಕ್ಕೂ ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಮ್ಮ ಸಾಲದ ಚರಿತ್ರೆ ನಾಲ್ಕೂ ಕಡೆ ಇರುತ್ತದೆ, 300ರಿಂದ 900ರ ನಡುವೆ ಒಂದು ಸ್ಕೋರೂ ಇರುತ್ತದೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಸ್ಕೋರಿಗೆ ಏನೂ ಆಗುವುದಿಲ್ಲ, ಅದು ಸಾಫ್ಟ್ ಎನ್‌ಕ್ವೈರಿ. ಸಾಲಕ್ಕೆ ಅರ್ಜಿ ಬಂದಿದೆ ಅಂತ ಬ್ಯಾಂಕೋ ಫೈನಾನ್ಸ್ ಕಂಪನಿಯೋ ತೆಗೆದು ನೋಡಿದರೆ ಅದು ಹಾರ್ಡ್ ಎನ್‌ಕ್ವೈರಿ. ಅದು ವರದಿಯಲ್ಲಿ ಕೂರುತ್ತದೆ. ಮುಂದೆ ಸಾಲ ಕೊಡುವವರೆಲ್ಲ ಅದನ್ನು ನೋಡುತ್ತಾರೆ. ಒಂದು ಹಾರ್ಡ್ ಎನ್‌ಕ್ವೈರಿಯಿಂದ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಒಂದೇ ದಿನ ಐದು ಬಿದ್ದರೆ, ಇವರಿಗೆ ದುಡ್ಡಿನ ತುರ್ತು ಇದೆ, ಎಲ್ಲ ಕಡೆ ಕೈ ಚಾಚುತ್ತಿದ್ದಾರೆ ಅನ್ನುವ ಅರ್ಥ ಬರುತ್ತದೆ.

ನನ್ನ ವರದಿ ತರಿಸಿಕೊಂಡೆ. ಪ್ರತಿ ಬ್ಯೂರೋದಿಂದಲೂ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಸಿಗಬೇಕು ಅಂತ 2016ರಲ್ಲಿ ನೀವು ಮಾಡಿದ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ವರದಿಯ ಕೊನೆಯ ಪುಟಗಳಲ್ಲಿ ಎನ್‌ಕ್ವೈರಿಗಳ ಪಟ್ಟಿ. ಸಂಸ್ಥೆಯ ಹೆಸರು, ತಾರೀಖು, ಯಾವ ಬಗೆಯ ಸಾಲ, ಎಷ್ಟು ಮೊತ್ತ. ಐದರಲ್ಲೂ ‘ಪರ್ಸನಲ್ ಲೋನ್’ ಅಂತಿದೆ. ಮೊತ್ತ ನೋಡಿ ನಗು ಬಂತು. ಒಬ್ಬರು ಐದು ಲಕ್ಷ ಅಂತ ಬರೆದಿದ್ದಾರೆ. ಇನ್ನೊಬ್ಬರು ಹತ್ತು ಲಕ್ಷ. ಮತ್ತೊಬ್ಬರು ಬರೀ ಒಂದು ಸಾವಿರ. ಆಗಲೇ ಹೇಳಿದೆನಲ್ಲ, ಎಷ್ಟು ಬೇಕು ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಅರ್ಜಿ ಹಾಕಿದ್ದು ನಿಜವೇ ಆಗಿದ್ದರೆ ಮೊತ್ತವೂ ನನ್ನದೇ ಇರಬೇಕಿತ್ತು, ಅಲ್ವಾ? ಅವರವರಿಗೆ ತೋಚಿದ್ದನ್ನು ಅವರವರು ತುಂಬಿದ್ದಾರೆ. ಬ್ಯೂರೋ ಅದನ್ನು ಹಾಗೇ ಬರೆದುಕೊಂಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ.

ಸ್ಕೋರ್ 781 ಇದ್ದದ್ದು 758 ಆಗಿತ್ತು. ಆ ಇಪ್ಪತ್ಮೂರು ಅಂಕಕ್ಕೆ ಇಷ್ಟುದ್ದ ಪತ್ರ ಬರೆಯುತ್ತಿರಲಿಲ್ಲ. ಬರೆಯುವ ಹಾಗೆ ಮಾಡಿದ್ದು ನನ್ನ ಬ್ಯಾಂಕಿನಲ್ಲಿ ಆದ ಮಾತುಕತೆ. ಟಾಪ್-ಅಪ್‌ಗೆ ಅಂತ ಹೋದೆ. ಸಾಲ ವಿಭಾಗದ ಅಧಿಕಾರಿ ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಂಪ್ಯೂಟರ್ ನೋಡಿದರು. ‘ಮೇಡಂ, ಒಂದೇ ದಿನ ಐದು ಕಡೆ ಸಾಲಕ್ಕೆ ಹಾಕಿದ್ದೀರಲ್ಲ, ಏನಾದರೂ ತೊಂದರೆ ಇದೆಯಾ?’ ಅಂದರು. ಕೆಟ್ಟ ದನಿಯಲ್ಲಿ ಕೇಳಲಿಲ್ಲ, ಕಾಳಜಿಯಿಂದಲೇ ಕೇಳಿದರು. ಅದೇ ಜಾಸ್ತಿ ಚುಚ್ಚಿತು. ಒಂಬತ್ತು ವರ್ಷದಿಂದ ಅದೇ ಬ್ಯಾಂಕಿಗೆ ಒಂದು ಕಂತೂ ತಪ್ಪಿಸದೆ ಕಟ್ಟಿದ್ದೇನೆ. ‘ನಾನು ಹಾಕಿಲ್ಲ ಸಾರ್, ಬಡ್ಡಿ ಎಷ್ಟು ಅಂತ ನೋಡಿದ್ದೆ ಅಷ್ಟೇ’ ಅಂದೆ. ‘ಹಾಗಿದ್ದರೆ ಅವರಿಂದ ಪತ್ರ ತನ್ನಿ’ ಅಂದರು.

ಆ ಪತ್ರ ತರುವುದಕ್ಕೆ ಹೊರಟೆ ನೋಡಿ, ಅಲ್ಲಿಂದ ಶುರುವಾಯಿತು ಸುತ್ತಾಟ.

ಆ್ಯಪ್‌ನವರ ದೂರು ಅಧಿಕಾರಿಗೆ ಬರೆದೆ. ‘ನಾವು ಬರೀ ವೇದಿಕೆ, ವರದಿ ನೋಡಿದ್ದು ಸಾಲ ಕೊಡುವ ಸಂಸ್ಥೆ, ಅವರನ್ನು ಕೇಳಿ’ ಅಂದರು. ಸಂಸ್ಥೆಗಳಿಗೆ ಬರೆದೆ. ‘ನೀವು ಆ್ಯಪ್ ಮೂಲಕ ಒಪ್ಪಿಗೆ ಕೊಟ್ಟಿದ್ದೀರಿ, ಅವರನ್ನು ಕೇಳಿ’ ಅಂದರು. ಬ್ಯೂರೋದಲ್ಲಿ ಡಿಸ್ಪ್ಯೂಟ್, ಅಂದರೆ ವರದಿಯಲ್ಲಿ ತಪ್ಪಿದೆ ಅನ್ನುವ ತಕರಾರು, ಹಾಕಿದೆ. ‘ಸಂಸ್ಥೆಯವರು ಖಚಿತಪಡಿಸಿದರೆ ಮಾತ್ರ ನಾವು ತಿದ್ದಬಹುದು’ ಅಂದರು. ಅಂದರೆ ನನ್ನ ವರದಿಯಲ್ಲಿ ಏನು ತಪ್ಪಿದೆ ಅಂತ ತೀರ್ಪು ಕೊಡಬೇಕಾದವರು ಆ ತಪ್ಪು ಮಾಡಿದವರೇ.

ಒಂದು ಸಂಸ್ಥೆಗೆ ಪಟ್ಟು ಹಿಡಿದು ಕೇಳಿದೆ: ನಾನು ಒಪ್ಪಿಗೆ ಕೊಟ್ಟ ದಾಖಲೆ ಕಳಿಸಿ. ಹನ್ನೊಂದನೇ ದಿನ ಒಂದು ಪಿಡಿಎಫ್ ಬಂತು. ಅದರಲ್ಲಿ ಒಂದೇ ಸಾಲು. ನನ್ನ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ, ಸಮಯ, ಒಂದು ಐಪಿ ವಿಳಾಸ, ‘ಒಪ್ಪಿಗೆ: ಹೌದು’. ಕೆಳಗೆ ಷರತ್ತುಗಳ ಲಿಂಕ್. ಒತ್ತಿ ನೋಡಿದೆ. ಹದಿನಾಲ್ಕು ಪುಟ. ಏಳನೇ ಪುಟದಲ್ಲಿ ‘ನಮ್ಮ ಸಂಸ್ಥೆ, ಸಮೂಹದ ಕಂಪನಿಗಳು ಮತ್ತು ಪಾಲುದಾರರು’ ನನ್ನ ವರದಿ ನೋಡಬಹುದು ಅಂತಿದೆ. ಪಾಲುದಾರರು ಯಾರು ಅಂತ ಎಲ್ಲೂ ಇಲ್ಲ. ತಮಾಷೆ ಇರುವುದು ಮೊದಲ ಪುಟದ ಮೇಲ್ತುದಿಯಲ್ಲಿ. ‘ಕೊನೆಯದಾಗಿ ಬದಲಿಸಿದ್ದು’ ಅಂತ ಇರುವ ತಾರೀಖು ನಾನು ಒಟಿಪಿ ಹಾಕಿದ ಶನಿವಾರದಿಂದ ಎಂಟು ದಿನ ಆಚೆಗಿನದು. ಅಂದರೆ ಅವತ್ತು ಇನ್ನೂ ಬರೆದೇ ಇರದ ಕಾಗದಕ್ಕೆ ನಾನು ‘ಹೌದು’ ಅಂದಿದ್ದೇನೆ. ಅವತ್ತು ಏನಿತ್ತು ಅಂತ ಕೇಳಿದರೆ ಆ ಪ್ರತಿ ತಮ್ಮ ಬಳಿ ಇಲ್ಲವಂತೆ. ನನ್ನ ಆಫೀಸಿನಲ್ಲಿ ಇಂಥ ವೋಚರ್ ಇಟ್ಟುಕೊಂಡು ಆಡಿಟರ್ ಮುಂದೆ ನಿಂತಿದ್ದರೆ ನನ್ನ ಗತಿ ಏನಾಗುತ್ತಿತ್ತು ಅಂತ ಯೋಚಿಸಿದೆ.

ನಿಯಮ ಇಲ್ಲ ಅಂತ ನಾನು ಹೇಳುವುದಿಲ್ಲ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ 22ನೇ ಕಲಂ ಓದಿದೆ. ಅಧಿಕಾರ ಇಲ್ಲದೆ ಇನ್ನೊಬ್ಬರ ಕ್ರೆಡಿಟ್ ಮಾಹಿತಿ ಪಡೆದರೆ ಒಂದು ಲಕ್ಷದವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರದವರೆಗೆ. 2022ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸಾಲಕ್ಕೆ ನೀವು ಹೊರಡಿಸಿದ ಮಾರ್ಗಸೂಚಿಯಲ್ಲಿ, ಅಗತ್ಯ ಇರುವಷ್ಟೇ ಮಾಹಿತಿ, ಅದೂ ಮೊದಲೇ ಸ್ಪಷ್ಟ ಒಪ್ಪಿಗೆ ಪಡೆದು, ಆ ಒಪ್ಪಿಗೆಯ ಜಾಡು ಉಳಿಯುವ ಹಾಗೆ ತೆಗೆದುಕೊಳ್ಳಬೇಕು ಅಂತಿತ್ತು. 2025ರ ಮೇ ತಿಂಗಳ ನಿರ್ದೇಶನದಲ್ಲಿ ಇನ್ನೂ ಬಿಗಿ ಮಾಡಿದ್ದೀರಿ: ಹಲವು ಸಂಸ್ಥೆಗಳ ಸಾಲ ತೋರಿಸುವ ಆ್ಯಪ್ ಪ್ರತಿ ಸಂಸ್ಥೆಯ ಹೆಸರು, ಮೊತ್ತ, ಅವಧಿ, ವಾರ್ಷಿಕ ದರ, ಕಂತು ಎಲ್ಲ ತೋರಿಸಬೇಕು, ಮಂಕುಬೂದಿ ಎರಚುವ ವಿನ್ಯಾಸ ಇರಬಾರದು. ನನಗೆ ಕಂಡಿದ್ದು ಬಣ್ಣದ ಕಾಗದದ ಚೂರು.

ಈ ನಿಯಮಗಳನ್ನು ಬರೆದು, ಒಪ್ಪಿಗೆಯ ಜಾಡು ಕೊಡಿ, ಇಲ್ಲವಾದರೆ ಎನ್‌ಕ್ವೈರಿ ವಾಪಸ್ ತೆಗೆಸಿ ಅಂತ ಐದೂ ಕಡೆಗೆ ಮತ್ತೊಮ್ಮೆ ಇಮೇಲ್ ಹಾಕಿದೆ. ಸುಮ್ನೆ ‘ತೊಂದರೆ ಆಗಿದೆ, ಸರಿ ಮಾಡಿ’ ಅಂದಾಗ ಬಾರದ ಉತ್ತರ ಈಗ ಬಂತು. ಎರಡು ಸಂಸ್ಥೆಗಳು ಒಂದು ವಾರದಲ್ಲಿ ಬ್ಯೂರೋಗೆ ಹೇಳಿ ತೆಗೆಸಿದವು. ತಪ್ಪಾಯಿತು ಅಂತ ಮಾತ್ರ ಇಬ್ಬರೂ ಬರೆಯಲಿಲ್ಲ, ‘ಸೌಹಾರ್ದದ ದೃಷ್ಟಿಯಿಂದ’ ಅಂತ ಬರೆದರು. ಇದೇ ತೊಂದರೆಯಲ್ಲಿ ಇರುವವರಿಗೆ ಒಂದು ಮಾತು: ಒಂದು ಬ್ಯೂರೋದಲ್ಲಿ ಹೋಯಿತು ಅಂತ ನೆಮ್ಮದಿಯಾಗಿ ಕೂರಬೇಡಿ, ನಾಲ್ಕೂ ವರದಿ ತೆಗೆದು ನೋಡಿ. ನನ್ನದು ಎರಡು ಕಡೆ ಬಿದ್ದಿತ್ತು, ಎರಡೂ ಕಡೆ ಬೇರೆ ಬೇರೆ ಡಿಸ್ಪ್ಯೂಟ್ ಹಾಕಬೇಕಾಯಿತು. ಎಸ್ಎಂಎಸ್ ಅಳಿಸಬೇಡಿ. ಫೋನಿನಲ್ಲಿ ಜಗಳ ಆಡಬೇಡಿ, ಎಲ್ಲ ಬರಹದಲ್ಲೇ ಇರಲಿ.

ಉಳಿದ ಮೂರು ಸಂಸ್ಥೆಗಳ ಕಥೆ ಬೇರೆ. ದೂರು 30 ದಿನದೊಳಗೆ ಬಗೆಹರಿಯದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರಲ್ಲಿ ಮಾಡಿದ್ದೀರಲ್ಲ, ಅದರಲ್ಲಿ 21 ದಿನ ಸಂಸ್ಥೆಗೆ, ಉಳಿದದ್ದು ಬ್ಯೂರೋಗೆ. ಒಳ್ಳೆಯ ನಿಯಮ. ನನ್ನ ಮೂರೂ ದೂರುಗಳು 19, 20 ಮತ್ತು 21ನೇ ದಿನ ‘ಬಗೆಹರಿದವು’. ಉತ್ತರ ಮೂರರಲ್ಲೂ ಒಂದೇ: ‘ಪರಿಶೀಲಿಸಲಾಗಿದೆ, ಮಾಹಿತಿ ಸರಿಯಾಗಿದೆ’. ದೂರು ತಿರಸ್ಕರಿಸಿದರೆ ಕಾರಣ ಕೊಡಬೇಕು ಅಂತಲೂ ನೀವೇ ಹೇಳಿದ್ದೀರಿ. ‘ಸರಿಯಾಗಿದೆ’ ಅನ್ನುವುದು ಕಾರಣವಾ? ಗಡಿಯಾರ ನಿಂತಿತು, ನೂರು ರೂಪಾಯಿಯ ಭಯವೂ ಹೋಯಿತು. ನಿಯಮ ನೋಡುವುದು ಉತ್ತರ ಯಾವಾಗ ಬಂತು ಅಂತ ಮಾತ್ರ.

ಕ್ರೆಡಿಟ್ ಬ್ಯೂರೋಗಳನ್ನೂ 2022ರ ಸೆಪ್ಟೆಂಬರ್ 1ರಿಂದ ಗ್ರಾಹಕರ ದೂರು ವಿಚಾರಿಸುವ ನಿಮ್ಮ ಒಂಬುಡ್ಸ್‌ಮನ್ ವ್ಯಾಪ್ತಿಗೆ ತಂದಿದ್ದೀರಿ. ಹಾಗಾಗಿ ಆ ದೂರು ಸಲ್ಲಿಸುವ ನಿಮ್ಮ ಸಿಎಂಎಸ್ ಪೋರ್ಟಲ್‌ನಲ್ಲಿ ಮೂರು ದೂರು ಹಾಕಿದ್ದೇನೆ. ಅದಕ್ಕೆ ದುಡ್ಡಿಲ್ಲ, ವಕೀಲರೂ ಬೇಕಿಲ್ಲ. ಮೊದಲು ಸಂಸ್ಥೆಗೆ ಬರೆದು, ಉತ್ತರ ಬಾರದೆ 30 ದಿನ ಕಳೆದಿರಬೇಕು, ಇಲ್ಲವೇ ಬಂದ ಉತ್ತರ ನಮಗೆ ಒಪ್ಪಿಗೆ ಆಗಿರಬಾರದು, ಅಷ್ಟೇ. ಅದು ಅದರ ಪಾಡಿಗೆ ನಡೆಯಲಿ. ನನ್ನ ದೂರಿಗೆ ವಶೀಲಿ ಮಾಡಿ ಅಂತ ನಿಮ್ಮನ್ನು ಕೇಳುತ್ತಿಲ್ಲ. ಕೇಳಬೇಕಾದ್ದು ಬೇರೆ ಇದೆ.

ದರ ವಿಚಾರಿಸುವುದನ್ನೂ ಸಾಲ ಕೇಳುವುದನ್ನೂ ನಿಮ್ಮ ನಿಯಮ ಬೇರೆ ಬೇರೆಯಾಗಿ ನೋಡಲಿ. ‘ದರ ನೋಡಿ’ ಅನ್ನುವ ಬಟನ್ ಒತ್ತಿದವರ ವರದಿಯಲ್ಲಿ ಹಾರ್ಡ್ ಎನ್‌ಕ್ವೈರಿ ಬೀಳಲೇಬಾರದು. ಸಂಸ್ಥೆಯವರು ಇದಕ್ಕೆ ಏನು ಹೇಳುತ್ತಾರೆ ಅಂತ ಗೊತ್ತು: ವರದಿ ನೋಡದೆ ದರ ಹೇಳುವುದು ಹೇಗೆ, ಅಂತ. ಮಾತು ನ್ಯಾಯವೇ. ಸ್ಕೋರ್ ಗೊತ್ತಿಲ್ಲದೆ ನನಗೆಷ್ಟು ಬಡ್ಡಿ ಅಂತ ಅವರು ಹೇಳಲಾರರು. ನೋಡಲಿ, ಬೇಡ ಅನ್ನಲಿಲ್ಲ. ಆದರೆ ಸಾಫ್ಟ್ ಎನ್‌ಕ್ವೈರಿಯಾಗಿ ನೋಡಲಿ, ದರ ಹೇಳಲಿ. ನಾನು ‘ಸರಿ, ಈ ಸಾಲ ಬೇಕು’ ಅಂದು ಮೊತ್ತ ಬರೆದ ಮೇಲೆ ಹಾರ್ಡ್ ಹಾಕಲಿ. ದಾರಿ ಇರುವಾಗ ಬೇಲಿ ಹಾರುವುದು ಯಾಕೆ?

ಮನೆ ಸಾಲಕ್ಕೋ ಕಾರಿನ ಸಾಲಕ್ಕೋ ನಿಜವಾಗಿಯೇ ನಾಲ್ಕು ಕಡೆ ಅರ್ಜಿ ಹಾಕುವವರೂ ಇದ್ದಾರೆ. ಅವರನ್ನೂ ಸ್ವಲ್ಪ ನೋಡಿ. ಅಮೆರಿಕದಲ್ಲಿ ಬಳಸುವ ಫೈಕೋ ಸ್ಕೋರಿನ ಹೊಸ ಆವೃತ್ತಿಗಳಲ್ಲಿ ಮನೆ, ಕಾರು, ಓದಿನ ಸಾಲಕ್ಕೆ 45 ದಿನದೊಳಗೆ ಎಷ್ಟು ಕಡೆ ವಿಚಾರಿಸಿದರೂ ಒಂದೇ ಎನ್‌ಕ್ವೈರಿ ಅಂತ ಲೆಕ್ಕ. ಒಬ್ಬ ಮನುಷ್ಯ ಕೊಳ್ಳುವುದು ಒಂದೇ ಮನೆ ಅನ್ನುವುದು ಆ ಲೆಕ್ಕ ಹಾಕಿದವರಿಗೆ ಹೊಳೆದಿದೆ. ಇಲ್ಲಿಯೂ ಹಾಗೆ ಎಣಿಸಬೇಕು ಅಂತ ನಮ್ಮ ಬ್ಯೂರೋಗಳಿಗೆ ನೀವು ಬರಹದಲ್ಲಿ ಹೇಳಬಹುದಲ್ಲ. ಒಳ್ಳೆಯ ದರ ಹುಡುಕುವವರು ಹುಷಾರಿನ ಸಾಲಗಾರರು. ಅವರ ಸ್ಕೋರ್ ಇಳಿಸಿ, ಮೊದಲು ಸಿಕ್ಕಿದ ಕಡೆ ಕಣ್ಣು ಮುಚ್ಚಿ ಸಹಿ ಹಾಕಿದವರ ಸ್ಕೋರ್ ಉಳಿಸುವುದು ಯಾವ ಸೀಮೆಯ ನ್ಯಾಯ?

ಇನ್ನು ಆ ಒಟಿಪಿ. ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಖಾತೆಯಿಂದ ದುಡ್ಡು ಹೋಗುವಾಗ ಬರುವ ಒಟಿಪಿಯಲ್ಲಿ ಎಷ್ಟು ದುಡ್ಡು, ಯಾರಿಗೆ ಅಂತ ಇರುತ್ತದೆ. ನನ್ನ ಇಡೀ ಸಾಲದ ಚರಿತ್ರೆ ಐದು ಜನರ ಕೈಗೆ ಹೋಗುವಾಗ ಬಂದ ಒಟಿಪಿಯಲ್ಲಿ ಏನೂ ಇರಲಿಲ್ಲ. ‘ಇಂಥ ಸಂಸ್ಥೆ ನಿಮ್ಮ ಕ್ರೆಡಿಟ್ ವರದಿ ನೋಡಲಿದೆ, ಇದು ಹಾರ್ಡ್ ಎನ್‌ಕ್ವೈರಿ, ಒಪ್ಪಿಗೆ ಇದ್ದರೆ ಮಾತ್ರ ಈ ನಂಬರ್ ಹಾಕಿ.’ ಇಷ್ಟೇ. ಒಂದು ಸಂಸ್ಥೆಗೆ ಒಂದು ಒಟಿಪಿ. ಐದು ಸಂಸ್ಥೆಗಳಿಗೆ ತೋರಿಸಬೇಕಾದರೆ ಐದು ಸಲ ಕೇಳಲಿ. ಆಗ ‘ಪಾಲುದಾರರು’ ಅನ್ನುವ ಪದಕ್ಕೆ ಕೆಲಸವೇ ಇರುವುದಿಲ್ಲ.

ಅದು ಕನ್ನಡದಲ್ಲೂ ಬರಲಿ. ಇದು ಭಾಷಾಭಿಮಾನದ ಮಾತಲ್ಲ. ಸಾಲದ ಮುಖ್ಯಾಂಶಗಳ ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ 2024ರಲ್ಲಿ ನೀವೇ ಹೇಳಿದ್ದೀರಿ. ಆದರೆ ಆ ಪತ್ರ ಕೈಗೆ ಬರುವುದು ಕೊನೆಯಲ್ಲಿ. ಒಪ್ಪಿಗೆ ಕೊಡುವುದು ಮೊದಲಲ್ಲಿ, ಅಲ್ಲಿ ಎಲ್ಲ ಇಂಗ್ಲಿಷ್. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ತಮಗೆ ಬೇಕಾದ್ದರಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು ಅಂತಿದೆ. ಆ ಪಟ್ಟಿಯಲ್ಲಿ ಕನ್ನಡ ಇದೆ. ದಿನವಿಡೀ ಇಂಗ್ಲಿಷ್ ಲೆಕ್ಕದ ಕಾಗದ ಓದುವ ನಾನೇ ಆ ಬೂದು ಸಾಲುಗಳನ್ನು ಓದದೆ ದಾಟಿದೆ. ಇಂಗ್ಲಿಷ್ ಓದಲು ಬಾರದವರ ಬೆರಳು ಆ ಚೌಕದ ಮೇಲೆ ಬಿದ್ದರೆ ಅದನ್ನು ಒಪ್ಪಿಗೆ ಅನ್ನಲು ಯಾರಿಗಾದರೂ ಬಾಯಿ ಬರುತ್ತದಾ?

ಕೊನೆಗೆ ಪುರಾವೆ. ಒಪ್ಪಿಗೆ ಇತ್ತು ಅಂತ ತೋರಿಸುವ ಹೊಣೆ ಸಂಸ್ಥೆಯದು ಅಂತ ಸ್ಪಷ್ಟವಾಗಿ ಬರೆಸಿ. ಅವತ್ತಿನ ಪರದೆ ಹೇಗಿತ್ತು, ಅವತ್ತಿನ ಷರತ್ತು ಏನಿತ್ತು, ಟಿಕ್ ಹಾಕಿದ್ದು ಯಾರು, ಇಷ್ಟು ತೋರಿಸಲಾಗದಿದ್ದರೆ ಎನ್‌ಕ್ವೈರಿ ತಾನಾಗಿ ಬಿದ್ದುಹೋಗಲಿ. ದೂರು ವಿಚಾರಣೆಯಲ್ಲಿ ಇರುವಷ್ಟು ದಿನ ಆ ಸಾಲಿನ ಪಕ್ಕ ‘ಗ್ರಾಹಕರು ಒಪ್ಪಿಲ್ಲ’ ಅಂತ ಎದ್ದು ಕಾಣುವ ಹಾಗೆ ಇರಲಿ. ನನ್ನ ಬ್ಯಾಂಕಿನ ಆ ಅಧಿಕಾರಿಗೆ ಅಂಥ ಒಂದು ಗುರುತು ಕಂಡಿದ್ದರೆ ಅವರು ಕಂಪ್ಯೂಟರನ್ನು ಎರಡು ಸಲ ನೋಡುತ್ತಿರಲಿಲ್ಲ.

ಐದು ಎಸ್ಎಂಎಸ್‌ಗಳು, ಒಂದು ಸಾಲಿನ ಆ ಪಿಡಿಎಫ್, ತಾರೀಖು ಕಾಣುವ ಷರತ್ತಿನ ಮೊದಲ ಪುಟ, ಸಂಸ್ಥೆಗಳ ಉತ್ತರಗಳು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದೇನೆ. ನಿಮ್ಮ ಕಚೇರಿಯಿಂದ ಯಾರು ಕೇಳಿದರೂ ಅವತ್ತೇ ಕಳಿಸುತ್ತೇನೆ. ಮೇಲಿನ ಕೋಣೆ ಸದ್ಯಕ್ಕೆ ನಿಂತಿದೆ, ಮೂರು ಎನ್‌ಕ್ವೈರಿಗಳು ಇನ್ನೂ ಹಾಗೇ ಕೂತಿವೆ. ಅಂದ ಹಾಗೆ, ನನಗೆ ಬಡ್ಡಿ ಎಷ್ಟು ಬೀಳುತ್ತದೆ ಅಂತ ಆ ಐದು ಸಂಸ್ಥೆಗಳಲ್ಲಿ ಒಂದೂ ಇವತ್ತಿನವರೆಗೆ ಹೇಳಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಬಡ್ಡಿ ಎಷ್ಟು ಅಂತ ಕೇಳಿದವಳು